ಓಡುತ್ತಿರುವ ಆ್ಯಪ್‌ನಿಂದಲೇ ಅದರ ನಕ್ಷೆ ಹಿಡಿಯುವುದು

ನಾನು ಹುಬ್ಬಳ್ಳಿಯಲ್ಲಿ ಕೂತು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಬಿಲ್ಲಿಂಗ್ ಆ್ಯಪ್ ನೋಡಿಕೊಳ್ಳುತ್ತೇನೆ. ಜಾವಾದ್ದು, ಹಳೇದು. ಇಂಥದ್ದರಲ್ಲಿ ಯಾವ ಭಾಗ ಯಾವುದನ್ನು ಕರೆಯುತ್ತೆ ಅಂತ ತಿಳಿಯೋಕೆ ಹಳೇ ಡಯಾಗ್ರಾಮ್ ನಂಬಬೇಡಿ. ಓಡುವಾಗಲೇ ಹಿಡಿಯಿರಿ.

ಮೊದಲು ದಿನ ಆರಿಸಿ. ಮಾರುಕಟ್ಟೆಯಲ್ಲಿ ಟೆಂಡರ್ ಇಲ್ಲದ ದಿನ ರೆಕಾರ್ಡ್ ಮಾಡಿದರೆ ಲಾಗಿನ್ನು, ಒಂದೆರಡು ರಿಪೋರ್ಟು, ಅಷ್ಟೇ. ಟೆಂಡರ್ ದಿನ ತೂಕದಿಂದ ಹಿಡಿದು ರೈತರ ಕೈಗೆ ಪಟ್ಟಿ (ಮಾರಾಟದ ಬಿಲ್ಲು) ಸೇರುವವರೆಗೂ ಬೇಕು.

ಸಮಯ ಎಲ್ಲಿ ಹೋಗುತ್ತೆ ಅಂತ ನೋಡಲು ಜಾವಾದೊಳಗೇ ಇರುವ ರೆಕಾರ್ಡಿಂಗ್ ಟೂಲ್ ಫ್ಲೈಟ್ ರೆಕಾರ್ಡರ್ ಸಾಕು. ಜೆಡಿಕೆ (ಜಾವಾದ ಟೂಲ್ ಕಿಟ್) 11ರಿಂದ ಅದು ಪುಕ್ಕಟೆ. ಆ್ಯಪ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದೇ ಹೆಸರಲ್ಲಿ ಲಾಗಿನ್ ಆಗಿ 'ಜೆಸಿಎಂಡಿ' (jcmd) ಅಂತ ಕಮಾಂಡ್ ಕೊಡಿ, ಪ್ರೊಸೆಸ್ ನಂಬರ್ ಬರುತ್ತೆ. ಆಮೇಲೆ ಅದೇ ಕಮಾಂಡ್‌ಗೆ ಆ ನಂಬರ್ ಜೊತೆ 'ಜೆಎಫ್‌ಆರ್ ಡಾಟ್ ಸ್ಟಾರ್ಟ್' (JFR.start), ಎಷ್ಟು ಹೊತ್ತು, ಯಾವ ಫೈಲ್ ಅಂತ ಕೊಡಿ. ಆ್ಯಪ್ ನಿಲ್ಲಿಸಬೇಕಿಲ್ಲ. ಫೈಲನ್ನು, ಅದನ್ನು ಓದಿ ತೋರಿಸುವ ಮಿಷನ್ ಕಂಟ್ರೋಲ್‌ನಲ್ಲಿ ತೆರೆಯಿರಿ. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ ಮತ್ತೆ! ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳೂ (ಆ್ಯಪ್ ಶುರುವಾಗುವಾಗ ಕೊಡುವ ಸೆಟ್ಟಿಂಗ್‌ಗಳು) ಅದರೊಳಗೆ ಕೂತಿರುತ್ತವೆ. ಡೇಟಾಬೇಸ್ ಪಾಸ್‌ವರ್ಡ್ ಅಲ್ಲೇ ಇಟ್ಟಿರುತ್ತೀರಿ, ಅಲ್ವಾ?

ಫ್ಲೈಟ್ ರೆಕಾರ್ಡರ್ ಆಗಾಗ ಇಣುಕಿ ನೋಡುತ್ತೆ, ಅಷ್ಟೇ. ಸರ್ರನೆ ಮುಗಿಯುವ ಮೆಥಡ್‌ಗಳು (ಕೋಡಿನ ತುಂಡುಗಳು) ತಪ್ಪಿಸಿಕೊಳ್ಳುತ್ತವೆ. ಯಾರು ಯಾರನ್ನು ಕರೆದರು ಅನ್ನೋದಕ್ಕೆ ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್ ಹಾಕಿ. ಆ್ಯಪ್ ಜೊತೆಗೇ ಓಡುತ್ತಾ ಸರ್ವಿಸ್‌ಗಳ, ಡೇಟಾಬೇಸ್‌ನ ಕರೆಗಳನ್ನು ಬರೆದಿಡುವ ಪ್ರೋಗ್ರಾಂ ಅದು. ಕೋಡ್ ಮುಟ್ಟಬೇಕಿಲ್ಲ, ಆದರೆ ರೀಸ್ಟಾರ್ಟ್ ಬೇಕು. ಅಂಗಡಿ ಮುಚ್ಚಿದ ಮೇಲೆ ಮಾಡಿ. ಪ್ರತಿ ಸರ್ವಿಸ್‌ಗೂ ಹೆಸರು ಕೊಡಿ. ಇಲ್ಲದಿದ್ದರೆ ಎಲ್ಲವೂ 'ಅನ್‌ನೋನ್ ಸರ್ವಿಸ್' ಅಂತಲೇ ಬಂದು, ನಕ್ಷೆಯಲ್ಲಿ ಒಂದೇ ಡಬ್ಬಿ ಕಾಣುತ್ತೆ. ಆ ಡೇಟಾವನ್ನು, ಕರೆಗಳನ್ನು ಚಿತ್ರವಾಗಿ ತೋರಿಸುವ ಯೇಗರ್‌ಗೆ ಕಳಿಸಿ, ಬ್ರೌಸರ್‌ನಲ್ಲಿ 16686 ಪೋರ್ಟ್ ತೆರೆಯಿರಿ.

ಈಗ ಪಟ್ಟಿ ಪ್ರಿಂಟ್ ಮಾಡಿದ ಒಂದು ಟ್ರೇಸ್, ಅಂದರೆ ಒಂದು ಕೆಲಸದ ಕರೆಗಳ ಸರಪಳಿ, ಬಿಚ್ಚಿ. ನಮ್ಮದರಲ್ಲಿ ಒಂದೊಂದು ಲಾಟ್‌ಗೂ (ಮೆಣಸಿನಕಾಯಿ ರಾಶಿಗೂ) ದರದ ಟೇಬಲ್‌ಗೆ ಬೇರೆ ಬೇರೆ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಮೆಟ್ಟಿಲಿನ ಹಾಗೆ ಸಾಲಾಗಿ. ಅದಕ್ಕಿಂತ ಜಾಸ್ತಿ ಕುತೂಹಲದ್ದು ಅಂದರೆ, ಎಸ್‌ಎಂಎಸ್ ಸರ್ವಿಸ್ ಸೀದಾ ಲೆಕ್ಕದ ಡೇಟಾಬೇಸ್‌ಗೆ ಕೈ ಹಾಕಿತ್ತು. ಡಯಾಗ್ರಾಮ್‌ನಲ್ಲಿ ಆ ಗೆರೆಯೇ ಇರಲಿಲ್ಲ. ನೀವೂ ಇಂಥ ಗೆರೆಗಳನ್ನೇ ಹುಡುಕಿ. ನಿಧಾನ ಕ್ವೆರಿ ಆಮೇಲೆ ಸರಿಮಾಡಬಹುದು.

ಡೇಟಾದಲ್ಲಿ ಕಾಣಲಿಲ್ಲ ಅಂತ ಯಾವ ಮಾಡ್ಯೂಲನ್ನೂ ಸುಮ್ನೆ ಅಳಿಸಬೇಡಿ. ವರ್ಷದ ಲೆಕ್ಕ ಮುಗಿಸುವ ಕೋಡ್ ಮಾರ್ಚ್ 31ಕ್ಕೇ ಎಚ್ಚರವಾಗೋದು. ಅಂಥವನ್ನು ನಕ್ಷೆಯಲ್ಲಿ ಚುಕ್ಕೆ ಗೆರೆಯಿಂದ ತೋರಿಸಿ, ಆ ರಾತ್ರಿ ಮತ್ತೊಮ್ಮೆ ರೆಕಾರ್ಡ್ ಮಾಡಿ.