ಗುಳೆ ಹೋಗುವ ತಾಂಡಾದಲ್ಲಿ ಮಕ್ಕಳನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಹೋದ ಹಂಗಾಮಿನಲ್ಲಿ ದೀಪಾವಳಿ ಮುಗಿದ ಮೇಲೂ ನಮ್ಮ ಶಾಲೆಯ ಹಾಜರಿ ಮೂವತ್ತರ ಕೆಳಗೆ ಇಳಿಯಲಿಲ್ಲ. ದಾಖಲಾತಿ ನಲವತ್ತರ ಆಸುಪಾಸು. ವಿಜಯಪುರ ಜಿಲ್ಲೆಯ ತಾಂಡಾ, ಅಂದರೆ ಲಂಬಾಣಿ ಹಟ್ಟಿಗಳ, ಶಾಲೆಗಳಲ್ಲಿ ದುಡಿದವರಿಗೆ ಈ ಸಂಖ್ಯೆಯ ಬೆಲೆ ಗೊತ್ತು. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಕಬ್ಬು ಕಡಿಯಲು ಗುಳೆ ಹೋಗುವ ಪಾಲಕರ ಹಿಂದೆ ಮಕ್ಕಳೂ ಹೋಗಿ, ನವೆಂಬರ್ ಹೊತ್ತಿಗೆ ತರಗತಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಕುಳಿತಿರುತ್ತಿದ್ದರು. ಅಕ್ಕೋರು, ಅಂದರೆ ನನ್ನ ಸಹಶಿಕ್ಷಕಿ, ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ತಟ್ಟೆಗಳನ್ನು (ಮಕ್ಕಳು ಗುಂಪಾಗಿ ಕುಳಿತು ಚಟುವಟಿಕೆಯಿಂದ ಕಲಿಯುವ ಜಾಗಗಳು) ಹಾಕಿದರೆ ಎರಡು ತಟ್ಟೆಗಳ ಸುತ್ತ ಯಾರೂ ಇರುತ್ತಿರಲಿಲ್ಲ. ನಮ್ಮದು ಇಬ್ಬರೇ ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದು ನನ್ನ ಪಾಲು.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ, ಪಾಲಕರು ಗುಳೆ ಹೋದರೂ ಮಕ್ಕಳನ್ನು ಅಜ್ಜಿಯರ ಜೊತೆ ತಾಂಡಾದಲ್ಲೇ ಉಳಿಸಿಕೊಳ್ಳುವ ಈ ಯೋಜನೆಯನ್ನು ಮೊದಲ ಸಲ ಹೇಳಿದಾಗ ನಕ್ಕವರೇ ಹೆಚ್ಚು. "ಕಬ್ಬಿನ ಹಂಗಾಮು ನಿಲ್ಲಿಸುತ್ತೀರಾ ಸರ್?" ಎಂದು ಕೇಳಿದವರಲ್ಲಿ ಇಬ್ಬರು ಈಗ ನಮ್ಮ ಲೆಕ್ಕದ ವಹಿಯ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ವಿವರಿಸಿ ಸಾಕಾಗಿ ಒಮ್ಮೆ ಬರೆದೇ ಬಿಡೋಣವೆಂದುಕೊಂಡೆ.

ಜಾಥಾ, ಮನೆ ಭೇಟಿ, ಘೋಷಣೆ, ಗೋಡೆ ಬರಹ ಎಲ್ಲವನ್ನೂ ನೀವೂ ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಕಬ್ಬು ಕಡಿಯುವವರನ್ನು ಕರೆದೊಯ್ಯುವ ಗುತ್ತಿಗೆದಾರ ಮುಕಾದಮನ ಮುಂಗಡದ ಎದುರು ಇವು ಯಾವುವೂ ನಿಲ್ಲುವುದಿಲ್ಲ. ಮಳೆಗಾಲದಲ್ಲೇ ಒಂದು ಜೋಡಿಗೆ, ಅವರು ಕೊಯ್ತಾ ಎನ್ನುವ ಗಂಡ ಹೆಂಡಿರ ಲೆಕ್ಕಕ್ಕೆ, ಅರವತ್ತು ಸಾವಿರದಿಂದ ಲಕ್ಷದವರೆಗೆ ಹಣ ಕೈಗೆ ಬಂದಿರುತ್ತದೆ. ಅದರಲ್ಲಿ ಹಳೆಯ ಸಾಲ ತೀರಿರುತ್ತದೆ, ಇಲ್ಲವೇ ಮದುವೆ ಮುಗಿದಿರುತ್ತದೆ. ಟನ್ನಿಗೆ ಮುನ್ನೂರು ಚಿಲ್ಲರೆಯಂತೆ ಕಬ್ಬು ಕಡಿದು ಅದನ್ನು ತೀರಿಸಬೇಕು. ಸಾಂಗ್ಲಿಗೋ ಕೊಲ್ಹಾಪುರಕ್ಕೋ ಹೋದರೆ ಯುಗಾದಿ ಹತ್ತಿರವಾಗುವವರೆಗೆ ಮರಳುವುದಿಲ್ಲ. ಅಂಥವರ ಮುಂದೆ ನಿಂತು ಶಿಕ್ಷಣ ಮೂಲಭೂತ ಹಕ್ಕು ಎಂದರೆ ಮರ್ಯಾದೆಗೆ ತಲೆಯಾಡಿಸುತ್ತಾರೆ, ಬೆಳಗಿನ ಜಾವ ಟ್ರ್ಯಾಕ್ಟರ್ ಹತ್ತುತ್ತಾರೆ.

ಏಳು ದಿನ ಸತತ ಗೈರಾದರೆ ನೋಟಿಸು ಕೊಡಬೇಕೆಂಬ ನಿಯಮವಿದೆ. ಕೊಟ್ಟೆ. ಬೀಗ ಹಾಕಿದ ಬಾಗಿಲಿಗೆ ನೋಟಿಸು ಅಂಟಿಸಿದರೆ ಅದನ್ನು ಆಡು ತಿನ್ನುತ್ತದೆ. ಇನ್ನು ಮಗು ಊರಲ್ಲಿ ಇಲ್ಲದಿದ್ದರೂ ಹಾಜರಿ ತುಂಬುವ ಹಳೆಯ ಉಪಾಯ ನಮ್ಮ ಇಲಾಖೆಯಲ್ಲಿ ಯಾರಿಗೂ ಹೊಸದಲ್ಲ, ಅದರ ಮಾತು ಇಲ್ಲಿ ಬೇಡ.

ಮೊದಲು ಮಾಡಿದ್ದು ವಸತಿ ವ್ಯವಸ್ಥೆ. ಶಾಲೆಯ ಎರಡು ಕೋಣೆಗಳಲ್ಲಿ ಒಂದರಲ್ಲಿ ಹುಡುಗರು, ಇನ್ನೊಂದರಲ್ಲಿ ಹುಡುಗಿಯರು, ನೋಡಿಕೊಳ್ಳಲು ಒಬ್ಬ ಮಹಿಳೆ. ಬರಬೇಕಿದ್ದ ಅನುದಾನ ಹಂಗಾಮು ಅರ್ಧ ಕಳೆದರೂ ಬರಲಿಲ್ಲ. ಕಂಬಳಿ, ಪಾತ್ರೆ, ಬಕೆಟ್, ಸೊಳ್ಳೆ ಪರದೆ ಎಂದು ಹದಿನೆಂಟು ಇಪ್ಪತ್ತು ಸಾವಿರ ಕೈಯಿಂದ ಹೋಯಿತು. ಅದು ದೊಡ್ಡ ಮಾತಲ್ಲ. ರಾತ್ರಿಯಾದರೆ ಮಕ್ಕಳು ಅಳುತ್ತಿದ್ದರು. ಐವತ್ತು ಹೆಜ್ಜೆ ಆಚೆ ಸ್ವಂತ ಮನೆ ಕಾಣುತ್ತಿರುವಾಗ ಶಾಲೆಯ ಬಂಡೆಯ ಮೇಲೆ ಮಲಗು ಎಂದರೆ ಯಾವ ಮಗು ಮಲಗೀತು? ಹೆಣ್ಣುಮಕ್ಕಳನ್ನು ಬಿಡಲು ತಾಯಂದಿರು ಒಪ್ಪಲೇ ಇಲ್ಲ. ತಿಂಗಳು ತುಂಬುವ ಮೊದಲೇ ಮುಚ್ಚಿತು. ಆ ಕಂಬಳಿಗಳು ಈಗಲೂ ಬೀರುವಿನಲ್ಲಿವೆ, ಬೇಕಾದವರು ಬಂದು ಒಯ್ಯಬಹುದು.

ಮುಂದಿನ ಸಲ ಹೋಗುವ ಮಕ್ಕಳ ಕೈಗೆ ಪತ್ರ ಕೊಟ್ಟೆ: ಈ ಮಗು ಇಂಥ ತರಗತಿಯಲ್ಲಿದೆ, ಅಲ್ಲಿನ ಶಾಲೆಯಲ್ಲಿ ಕೂರಿಸಿಕೊಳ್ಳಿ ಎಂದು. ಗಡಿ ದಾಟಿದರೆ ಮರಾಠಿ ಮಾಧ್ಯಮ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಆಗತಾನೆ ಕಲಿಯುತ್ತಿರುವ ಕನ್ನಡ, ಅದರ ಮೇಲೆ ಮರಾಠಿ. ಸಾಲದ್ದಕ್ಕೆ ಗ್ಯಾಂಗು ಒಂದು ಊರಿನಲ್ಲಿ ನಿಲ್ಲುವುದಿಲ್ಲ, ಫಡ, ಅಂದರೆ ಕಡಿಯುವ ಕಬ್ಬಿನ ಹೊಲ, ಮುಗಿದಂತೆ ಗುಡಿಸಲೂ ಮುಂದೆ ಸಾಗುತ್ತದೆ. ಒಂದು ಪತ್ರವೂ ಶಾಲೆಯ ಮೆಟ್ಟಿಲು ಹತ್ತಿದ ಸುದ್ದಿ ಬರಲಿಲ್ಲ.

ಆ ಬೇಸಿಗೆಯಲ್ಲಿ ಮರಳಿ ಬಂದ ಮಕ್ಕಳನ್ನು ಕೂರಿಸಿಕೊಂಡು ಕೇಳಿದೆ: ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡುತ್ತಿದ್ದೆ? ನಾಲ್ಕನೆಯ ತರಗತಿಯ ಹುಡುಗಿಯರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ತಮ್ಮನನ್ನು ಎತ್ತಿಕೊಳ್ಳುವುದು, ನೀರು ತುಂಬುವುದು, ಕಬ್ಬಿನ ತುದಿಯ ಹಸಿ ಮೇವಿನ ಕಟ್ಟು ಕಟ್ಟುವುದು. ಹುಡುಗರು ಎತ್ತು ನೋಡಿಕೊಳ್ಳುತ್ತಿದ್ದರು. ಊರಲ್ಲಿ ಬಿಟ್ಟರೆ ಅನ್ನ ಹಾಕುವವರಿಲ್ಲ ಎಂಬ ಕಾರಣಕ್ಕೆ ಹೋಗುವ ಮಕ್ಕಳು ಅರ್ಧದಷ್ಟು. ಇನ್ನರ್ಧ ಕೂಸು ಹಿಡಿಯಲು ಹೋಗುತ್ತಿದ್ದರು. ನಾವು ಇಷ್ಟು ವರ್ಷ ಮೊದಲ ಅರ್ಧದ ಬಗ್ಗೆ ಮಾತ್ರ ಯೋಚಿಸುತ್ತಿದ್ದೆವು. ಅಂಗನವಾಡಿಗೆ ಮೂರು ದಾಟಿದವು ಹೋಗುತ್ತವೆ, ಮೊಲೆ ಕುಡಿಯುವ ಕೂಸು ತಾಯಿಯ ಜೊತೆಗೇ ಹೋಗಬೇಕು, ಕೂಸಿನ ಹಿಂದೆ ಅಕ್ಕನೂ ಹೋಗಬೇಕು.

ಇದಕ್ಕೆ ದಾರಿ ತೋರಿಸಿದ್ದು ನಾನಲ್ಲ, ತಾಂಡಾದ ಹಿರಿಯರಲ್ಲಿ ಒಬ್ಬನಾದ ಕಾರಭಾರಿಯ ಹೆಂಡತಿ. ನಾಲ್ಕು ಕೊಯ್ತಾಗಳಿಗೆ ಕೂಸುಗಳಿದ್ದರೆ ನಾಲ್ವರು ಹುಡುಗಿಯರು ಏಕೆ, ಗಟ್ಟಿಯಾಗಿರುವ ಒಬ್ಬ ಮುದುಕಿ ಹೋದರೆ ಸಾಲದೇ ಎಂದಳು. ಜೋಡಿಗೆ ಇಷ್ಟೆಂದು ಹಂಗಾಮಿನ ಕೊನೆಗೆ ಆಕೆಗೆ ಕೊಟ್ಟರಾಯಿತು. ಕೇಳಿದಾಗ ಇಷ್ಟು ಸರಳವಾದದ್ದು ನಮಗೇಕೆ ಹೊಳೆಯಲಿಲ್ಲ ಎನ್ನಿಸಿತು. ಈಗ ಗ್ಯಾಂಗಿನ ಜೊತೆ ಒಬ್ಬ ಅಜ್ಜಿ ಹೋಗುತ್ತಾಳೆ, ಉಳಿದ ಅಜ್ಜಿಯರು ಇಲ್ಲಿ ಶಾಲೆಯ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ. ಜೋಡಿಯೊಂದು ಆಕೆಗೆ ಎಷ್ಟು ಕೊಡುತ್ತದೆ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ, ನಾನು ತಲೆ ಹಾಕುವುದಿಲ್ಲ.

ಉಳಿದ ಅಜ್ಜಿಯರ ಹೊರೆಯನ್ನು ಶಾಲೆ ಹೊರಬೇಕು. ಅರವತ್ತೈದು ದಾಟಿದವಳು ಮೂರು ಮೊಮ್ಮಕ್ಕಳಿಗೆ ಎರಡು ಹೊತ್ತು ರೊಟ್ಟಿ ಬಡಿಯಲಾರಳು. ಮಧ್ಯಾಹ್ನದ ಬಿಸಿಯೂಟವಿದೆ, ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಇದೆ. ಅದಕ್ಕೆ ಬೆಳಗಿನ ಉಪ್ಪಿಟ್ಟು ಅಥವಾ ಅವಲಕ್ಕಿ, ಸಂಜೆ ರೊಟ್ಟಿ ಮತ್ತು ಕಾಳು ಪಲ್ಯ ಸೇರಿಸಿದೆವು. ರಾತ್ರಿ ಏಳೂವರೆಗೆ ಉಂಡು ಮಕ್ಕಳು ಅಜ್ಜಿಯ ಮನೆಗೆ ಮಲಗಲು ಹೋಗುತ್ತಾರೆ. ತಮ್ಮದೇ ಮನೆ, ತಮ್ಮದೇ ಹಾಸಿಗೆ, ಅಳುವ ಪ್ರಶ್ನೆಯೇ ಇಲ್ಲ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಹತ್ತಿಪ್ಪತ್ತು ಆಚೀಚೆ ಇರಬಹುದು. ಇಪ್ಪತ್ತೈದು ಮಕ್ಕಳಿಗೆ ಐದು ತಿಂಗಳಿಗೆ ಎಲ್ಲ ಸೇರಿ ಐವತ್ತೈದರಿಂದ ಅರವತ್ತು ಸಾವಿರ. ಜೋಳ ಇದರಲ್ಲಿ ಸೇರಿಲ್ಲ. ಹೋಗುವ ಮೊದಲು ಮಗುವಿಗೆ ಅರ್ಧ ಚೀಲದಂತೆ ಪಾಲಕರೇ ಇಟ್ಟು ಹೋಗುತ್ತಾರೆ. ಇದನ್ನು ಬಿಟ್ಟಿಯಾಗಿ ಮಾಡಬೇಡಿ. ಜೋಳ ಇಟ್ಟವನು ನಡುವೆ ಬಂದು ಮಗುವನ್ನು ಕರೆದೊಯ್ಯುವುದಿಲ್ಲ, ಇದು ಕಂಡದ್ದು. ಅಡುಗೆಯವರಿಗೆ ಗೌರವಧನದ ಹೊರತಾಗಿ ತಿಂಗಳಿಗೆ ಒಂದೂವರೆ ಸಾವಿರ ಕೊಡುತ್ತೇವೆ. ಅಕ್ಷರ ದಾಸೋಹದ, ಅಂದರೆ ಸರಕಾರಿ ಬಿಸಿಯೂಟದ, ಅಕ್ಕಿ ಬೇಳೆಯ ಒಂದು ಕಾಳೂ ಸಂಜೆಯ ಒಲೆಗೆ ಹೋಗಬಾರದು. ಡಬ್ಬಿ ಬೇರೆ, ವಹಿ ಬೇರೆ, ಸಾಧ್ಯವಾದರೆ ಗ್ಯಾಸ್ ಸಿಲಿಂಡರೂ ಬೇರೆ. ತನಿಖೆಗೆ ಬಂದವರು ಮೊದಲು ಮುಟ್ಟುವುದೇ ಅಲ್ಲಿ, ನಮ್ಮಲ್ಲಿ ಎರಡು ಸಲ ಮುಟ್ಟಿ ಬರಿಗೈಯಲ್ಲಿ ಹೋಗಿದ್ದಾರೆ.

ಮೂವತ್ತು ಮಕ್ಕಳೊಳಗಿನ ಶಾಲೆಗೆ ಹತ್ತು ಸಾವಿರ, ದಾಟಿದರೆ ಇಪ್ಪತ್ತೈದು ಸಾವಿರ ಬರುವ ಶಾಲಾ ಅನುದಾನ ಸುಣ್ಣಬಣ್ಣ, ಸೀಮೆಸುಣ್ಣ, ವಿದ್ಯುತ್ ಬಿಲ್ಲಿಗೇ ಮುಗಿಯುತ್ತದೆ, ಅದನ್ನು ನಂಬಬೇಡಿ. ಹಣ ಬಂದದ್ದು ಹಳೆಯ ವಿದ್ಯಾರ್ಥಿಗಳಿಂದ. ಪುಣೆ, ಮುಂಬೈ, ಗೋವಾದಲ್ಲಿ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವ ಹುಡುಗರು ತಿಂಗಳಿಗೆ ನೂರು, ಇನ್ನೂರು ಕಳುಹಿಸುತ್ತಾರೆ. ದೊಡ್ಡ ದಾನಿಗಳ ಬೆನ್ನು ಹತ್ತಿ ಒಂದು ವರ್ಷ ಹಾಳಾಯಿತು. ಒಬ್ಬ ದಾನಿ ಹದಿನೈದು ಸಾವಿರಕ್ಕೆ ತನ್ನ ಹೆಸರಿನ ಕಮಾನು ಕೇಳಿದ. ಕಮಾನಿಗೇ ನಲವತ್ತು ಸಾವಿರ ಬೀಳುತ್ತಿತ್ತು! ನೂರು ರೂಪಾಯಿಯವರಿಗೆ ಕಮಾನು ಬೇಡ, ಸಂಜೆಯ ಊಟದ ಒಂದು ಫೋಟೊ ಸಾಕು. ಮೊದಲ ಹಂಗಾಮಿನಲ್ಲಿ ಹದಿಮೂರು ಹದಿನಾಲ್ಕು ಸಾವಿರ ಕಿರಾಣಿ ಅಂಗಡಿಯಲ್ಲಿ ಉದ್ರಿ ಉಳಿಯಿತು, ತುಟ್ಟಿಭತ್ಯೆಯ ಬಾಕಿ ಬಂದಾಗ ತೀರಿಸಿದೆ. ಮನೆಯಾಕೆಗೆ ಆ ಬಾಕಿ ಇನ್ನೂ ಬಂದಿಲ್ಲವೆಂದೇ ಹೇಳಿದ್ದೇನೆ.

ಅಜ್ಜಿಯರನ್ನು ಒಪ್ಪಿಸಿದ್ದು ಊಟವಲ್ಲ, ಕಾಗದ. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ 1,200 ರೂಪಾಯಿ ನಿಂತಿರುತ್ತದೆ, ಏಕೆ ನಿಂತಿತೆಂದು ಹೇಳುವವರಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ನ್ಯಾಯಬೆಲೆ ಅಂಗಡಿಯಲ್ಲಿ ಸವೆದ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಸುವುದಿಲ್ಲ. ಮಗ ಸೊಸೆ ಗುಳೆ ಹೋದ ಮೇಲೆ ಕಾರ್ಡಿನಲ್ಲಿ ಅಜ್ಜಿಯ ಹೆಸರೇ ಇಲ್ಲದಿದ್ದರೆ ಮಕ್ಕಳ ಪಾಲಿನ ಅಕ್ಕಿಯೂ ಇಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಾಸು ನಾನು ಅರ್ಜಿ ಬರೆಯಲು ಕೂರುತ್ತೇನೆ. ಐದನೆಯ ತರಗತಿಯವರು ಪಾಸ್‌ಬುಕ್ ಓದಿ ಹೇಳುತ್ತಾರೆ, ಕೂಡಿಸಿ ಕಳೆಯುವ ಲೆಕ್ಕ ಅಲ್ಲೇ ಆಗುತ್ತದೆ. ಬಿಪಿ ಮಾತ್ರೆ ಯಾವುದು, ಸಕ್ಕರೆಯದು ಯಾವುದು ಎಂದು ಓದಿ ಬೆಳಿಗ್ಗೆ, ರಾತ್ರಿ ಎಂದು ವಿಂಗಡಿಸಿಕೊಡುವುದೂ ಅವರದೇ ಕೆಲಸ. ಆಶಾ ಕಾರ್ಯಕರ್ತೆ ಒಮ್ಮೆ ನೋಡಿ ಸರಿ ಎನ್ನಬೇಕು. ಪಿಂಚಣಿ ಮತ್ತೆ ಶುರುವಾದ ಒಬ್ಬ ಅಜ್ಜಿ ಮೂರು ಮನೆಗಳವರನ್ನು ತಾನೇ ಒಪ್ಪಿಸಿ ಬಂದಳು.

ಪಟ್ಟಿ ಯಾವಾಗ ಮಾಡಬೇಕು ಎನ್ನುವುದು ಮುಖ್ಯ. ದಸರೆಗೆ ಮಾಡಿದರೆ ಕೆಟ್ಟಿತು. ಮುಕಾದಮ ಮುಂಗಡ ಎಣಿಸುವಾಗಲೇ ಮನೆಯಲ್ಲಿ ಎಷ್ಟು ಕೈಗಳಿವೆ ಎಂದು ನೋಡಿರುತ್ತಾನೆ, ಮಗುವಿನ ಕೈಯೂ ಅದರಲ್ಲಿ ಸೇರಿರುತ್ತದೆ. ನಾಗರ ಪಂಚಮಿಯ ಒಳಗೆ ಯಾವ ಮಗು ಉಳಿಯುತ್ತದೆ, ಯಾವ ಅಜ್ಜಿಯ ಮನೆ ಎಂದು ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲಿ ಹೆಬ್ಬೆಟ್ಟು ಒತ್ತಿಸಿಬಿಡಬೇಕು. ಮುಕಾದಮನನ್ನೇ ನಮ್ಮ ಕಡೆ ತಿರುಗಿಸಿಕೊಂಡದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಅದು ನಡೆಯುವುದಿಲ್ಲ.

ಪಾಲಕರು ಜನವರಿಯಲ್ಲಿ ಮಗು ನೆನಪಾಗಿ ಓಡಿ ಬರುವುದೇ ದೊಡ್ಡ ಅಪಾಯ. ಅದಕ್ಕೆ ನಾವು ಮಾಡಿದ್ದು ಧ್ವನಿ ಸಂದೇಶ. ಮಗು ಪಾಠದ ನಾಲ್ಕು ಸಾಲು ಓದುತ್ತದೆ, ಆಮೇಲೆ ಲಂಬಾಣಿಯಲ್ಲಿ ಯಾಡಿಗೆ, ಅಂದರೆ ತಾಯಿಗೆ, ಏನು ಹೇಳಬೇಕೋ ಹೇಳುತ್ತದೆ, ಗ್ಯಾಂಗಿನಲ್ಲಿ ಯಾರ ಬಳಿ ದೊಡ್ಡ ಮೊಬೈಲ್ ಇದೆಯೋ ಅವರಿಗೆ ಕಳುಹಿಸುತ್ತೇವೆ. ಮುಖ ಕಾಣುವ ಕರೆ ಬೇಡ. ಅದನ್ನೂ ಮಾಡಿ ನೋಡಿದೆವು, ಎರಡೂ ಕಡೆ ಅಳು, ಮಾರನೆಯ ದಿನ ಒಬ್ಬ ತಂದೆ ಬಸ್ ಹತ್ತಿ ಬಂದೇ ಬಿಟ್ಟ. ಧ್ವನಿ ಸಂದೇಶವನ್ನು ಗ್ಯಾಂಗಿನ ಗುಡಿಸಲುಗಳಲ್ಲಿ ಎಲ್ಲರೂ ಸೇರಿ ಕೇಳುತ್ತಾರಂತೆ. ಓದು ತಡವರಿಸಿದರೆ ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆಂದು ಈಗ ಮಕ್ಕಳೇ ನಾಲ್ಕು ಸಲ ತಾಲೀಮು ಮಾಡಿಕೊಂಡು ಬರುತ್ತಾರೆ. ನನ್ನ ಇಷ್ಟು ವರ್ಷದ ಗಟ್ಟಿ ಓದಿನ ಅಭ್ಯಾಸ ಕೊಡದ ಫಲ ಇದು.

ಈ ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಕ್ಕೋರು ಒಂದನೆಯ ತರಗತಿಗೆ ಲಂಬಾಣಿ ಪದಗಳ ಚಿತ್ರಪಟ್ಟಿ ಮಾಡಿದರು, ಕನ್ನಡ ಅಕ್ಷರದಲ್ಲೇ ಛೋರಿ, ಬಾಟಿ, ಪಾಣಿ ಎಂದು ಬರೆದು. ಒಂದು ತಿಂಗಳಲ್ಲಿ ಮಕ್ಕಳ ಬಾಯಿ ಬಿಚ್ಚಿತು. ಅಜ್ಜಿಯರ ಕನ್ನಡಿ ಕಸೂತಿಯಿಂದ ಆಕೃತಿ, ಸಮ್ಮಿತಿ ಕಲಿಸಲು ಹೊರಟದ್ದು ಅರ್ಧ ಫಲಿಸಿತು; ಸೂಜಿ ಹಿಡಿದ ಹುಡುಗಿಯರು ಪುಸ್ತಕ ಮರೆತರು. ಕೈತೋಟದ ಬದನೆ, ಮೆಂತ್ಯವನ್ನು ಆಡುಗಳು ಮುಗಿಸಿದವು, ನರೇಗಾದಲ್ಲಿ ಆವರಣ ಗೋಡೆ ಎದ್ದ ಮೇಲೆ ಕರಿಬೇವು, ನುಗ್ಗೆ ನಿಂತಿವೆ. ಕೋಳಿ ಸಾಕುವ ವಿಚಾರವನ್ನು ಅಡುಗೆಯವರೇ ತಡೆದರು. ಒಳ್ಳೆಯದಾಯಿತು.

ಇನ್ನೂ ಬಗೆಹರಿಯದೆ ಉಳಿದದ್ದು ಅಜ್ಜಿಯೇ ಇಲ್ಲದ ಮನೆಗಳು. ಅಂಥ ಮಕ್ಕಳನ್ನು ಚಿಕ್ಕಮ್ಮನ ಮನೆಯಲ್ಲಿ ಇಟ್ಟು ನೋಡಿದೆವು, ವಾರಗಿತ್ತಿಯರ ಹಳೆಯ ಜಗಳ ಮಗುವಿನ ತಟ್ಟೆಯವರೆಗೆ ಬಂತು. ಹೋದ ಹಂಗಾಮಿನಲ್ಲಿ ಕೈಬಿಟ್ಟು ಹೋದವರು ಹೆಚ್ಚಾಗಿ ಇಂಥ ಮನೆಗಳವರೇ. ಐದು ಮುಗಿಸಿದ ಹುಡುಗಿಯರದು ಬೇರೆ ಕಥೆ: ಹಿರಿಯ ಪ್ರಾಥಮಿಕ ಶಾಲೆ ಮೂರು ಕಿಲೋಮೀಟರ್ ಆಚೆ, ಅಲ್ಲಿ ಸಂಜೆಯ ರೊಟ್ಟಿ ಇಲ್ಲ. ನಮ್ಮಲ್ಲಿಗೇ ಬಂದು ಉಣ್ಣಲಿ ಎಂದಿದ್ದೇನೆ, ಐದಾರು ಜನ ಬರುತ್ತಿದ್ದಾರೆ. ಇದಕ್ಕೆ ಯಾವ ಆದೇಶವಿದೆ ಎಂದು ಮೇಲಿನವರೊಬ್ಬರು ಕೇಳಿದರು. ಬೇಡವೆನ್ನುವ ಆದೇಶ ಇದ್ದರೆ ಕಳುಹಿಸಿ ಎಂದೆ, ಇನ್ನೂ ಬಂದಿಲ್ಲ.

ಶುರು ಮಾಡುವವರು ಆಷಾಢದಲ್ಲೇ ಅಜ್ಜಿಯರ ಮನೆ ಹತ್ತಿ, ಕೈಯಲ್ಲಿ ಪಿಂಚಣಿಯ ಅರ್ಜಿ ಇರಲಿ. ಹದಿನೈದು ಸಾವಿರ ಕೈಯಲ್ಲಿ ಇಟ್ಟುಕೊಂಡು ಇಳಿಯಿರಿ, ಕಿರಾಣಿಯವನೊಂದಿಗೆ ಮೊದಲೇ ಮಾತಾಡಿ. ವಹಿ ನೋಡಬೇಕೆಂದರೆ ಶನಿವಾರ ಮಧ್ಯಾಹ್ನ ಬನ್ನಿ, ಬಂದವರಿಗೆ ಮುಕಾದಮನ ವಿಷಯವನ್ನೂ ಬಾಯಿಮಾತಿನಲ್ಲಿ ಹೇಳುತ್ತೇನೆ.