ಜತೋಬಾ ನೆಲಹಾಸು: ನಾನು ಮರ ಆರಿಸಿದ ಬಗೆ

ಶಿಕಾಗೋ ಹೊರವಲಯದ ನಮ್ಮ ಮನೆಯಲ್ಲಿ ಹಳೆಯ ಕಾರ್ಪೆಟ್ ತೆಗೆದು ಮರದ ನೆಲ ಹಾಕಲು ನಿಶ್ಚಯಿಸಿದಾಗ, ಮಲೆನಾಡಿನ ಹೊನ್ನೆ ಮತ್ತು ಬೀಟೆಯ ಬಣ್ಣ ನೋಡಿ ಬೆಳೆದ ನನಗೆ ಇಲ್ಲಿ ಎಲ್ಲೆಡೆ ಕಾಣುವ ರೆಡ್ ಓಕ್ ಪೇಲವವೆನಿಸಿತು. ಹೀಗಾಗಿ ಉಷ್ಣವಲಯದ ಗಟ್ಟಿಮರಗಳತ್ತ ತಿರುಗಿದೆ. ಜತೋಬಾ, ಇಪೆ, ಕುಮಾರು ಮತ್ತು ಮೆರ್ಬಾವ್ ನನ್ನ ಮುಂದಿದ್ದವು. ಅಂಗಡಿಗಳಲ್ಲಿ ಬ್ರೆಜಿಲಿಯನ್ ಚೆರಿ ಎಂದು ಮಾರುವುದು ಈ ಜತೋಬಾವನ್ನೇ. ಚೆರಿ ಮರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.

ಮಾರಾಟಗಾರರು ಮೊದಲು ಮುಂದಿಡುವುದು ಜಂಕಾ ಅಂಕಿಯನ್ನು. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಕ್ಕೆ ಒತ್ತಲು ಬೇಕಾಗುವ ಬಲ ಅದು. ರೆಡ್ ಓಕ್‌ಗೆ ಸುಮಾರು 1290 ಪೌಂಡ್, ಜತೋಬಾಕ್ಕೆ ಸುಮಾರು 2350, ಇಪೆಗೆ 3500ರ ಆಸುಪಾಸು. ಕುಕ್ಕರ್ ಕೈಜಾರಿ ಬಿದ್ದರೆ ನೆಲದಲ್ಲಿ ಎಷ್ಟು ತಗ್ಗು ಬೀಳುತ್ತದೆ ಎಂಬುದನ್ನು ಈ ಅಂಕಿಯಿಂದ ಊಹಿಸಬಹುದು. ಆದರೆ ಕುರ್ಚಿಯ ಕಾಲಿನ ಗೀರು ಬೀಳುವುದು ಮರದ ಮೇಲಿನ ಲೇಪಕ್ಕೆ, ಆ ಲೇಪ ಎಲ್ಲ ಮರಗಳ ಮೇಲೂ ಒಂದೇ. ಆದ್ದರಿಂದ ಈ ಅಂಕಿಗೆ ನಾನು ಹೆಚ್ಚು ತೂಕ ಕೊಡಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತೇವಾಂಶ. ಚಳಿಗಾಲದಲ್ಲಿ ಹೀಟರ್ ಉರಿಯುತ್ತಿದ್ದಂತೆ ಇಲ್ಲಿನ ಮನೆಯೊಳಗಿನ ಗಾಳಿ ಒಣಗುತ್ತದೆ, ಬೇಸಿಗೆಯಲ್ಲಿ ಮತ್ತೆ ತೇವ ತುಂಬಿಕೊಳ್ಳುತ್ತದೆ. ಮರ ಅದಕ್ಕೆ ತಕ್ಕಂತೆ ಕುಗ್ಗಿ ಹಿಗ್ಗುತ್ತದೆ. ತೇವಾಂಶ ಶೇಕಡಾ ಒಂದರಷ್ಟು ಬದಲಾದಾಗ ಹಲಗೆಯ ಅಗಲದ ಎಷ್ಟು ಪಾಲು ಬದಲಾಗುತ್ತದೆ ಎಂಬುದಕ್ಕೆ ಪ್ರತಿ ಜಾತಿಗೂ ಒಂದು ಗುಣಾಂಕವಿದೆ: ರೆಡ್ ಓಕ್‌ಗೆ 0.00369, ಜತೋಬಾಕ್ಕೆ 0.00300, ಮೆರ್ಬಾವ್‌ಗೆ 0.00158. ವರ್ಷದಲ್ಲಿ ಮರದ ತೇವಾಂಶ ಶೇಕಡಾ 4ರಷ್ಟು ಏರಿಳಿಯುತ್ತದೆ ಎಂದಿಟ್ಟುಕೊಂಡರೆ, 5 ಇಂಚು ಅಗಲದ ಜತೋಬಾ ಹಲಗೆ ಒಂದೂವರೆ ಮಿಲಿಮೀಟರ್‌ನಷ್ಟು, ಮೂರೂಕಾಲು ಇಂಚಿನದು ಒಂದು ಮಿಲಿಮೀಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಪ್ರತಿ ಸಂದಿನಲ್ಲೂ ಇದು ಕಣ್ಣಿಗೆ ಬೀಳುವ ಅಂತರ. ಅಗಲ ಹಲಗೆಯ ಅಂದಕ್ಕೆ ಮನಸ್ಸು ಒಲಿದಿದ್ದರೂ ಈ ಲೆಕ್ಕ ನೋಡಿದ ಮೇಲೆ ಮೂರೂಕಾಲು ಇಂಚಿನದನ್ನೇ ಆರಿಸಿದೆ. ಮೆರ್ಬಾವ್ ಇನ್ನೂ ಸ್ಥಿರವಾದ ಮರ, ಆದರೆ ನೀರು ತಾಗಿದರೆ ಅದು ಕೆಂಗಂದು ಬಣ್ಣ ಬಿಡುತ್ತದೆಂಬ ಕಾರಣಕ್ಕೆ ಕೈಬಿಟ್ಟೆ.

ಮರ ಎಲ್ಲಿಂದ ಬಂತು ಎಂಬುದು ನನಗೆ ಬಣ್ಣಕ್ಕಿಂತ ಮುಖ್ಯವಾಗಿತ್ತು. ಇಪೆ ಮತ್ತು ಕುಮಾರು ಕುಲಗಳನ್ನು 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ಅಳಿವಿನ ಭೀತಿಯ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನವು ಎರಡನೇ ಅನುಬಂಧಕ್ಕೆ ಸೇರಿಸಿದ್ದು, ಅದು 2024ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಪರವಾನಗಿ ಬೇಕು. ಕಾಡಿನಲ್ಲಿ ಚದುರಿ ಬೆಳೆಯುವ, ನಿಧಾನವಾಗಿ ಬಲಿಯುವ ಇಪೆಯನ್ನು ಮನೆಯ ನೆಲಕ್ಕಾಗಿ ಕಡಿಯಬೇಕಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ಮೂಲದೇಶದ ಕಾನೂನು ಮೀರಿ ಕಡಿದ ಮರದ ವ್ಯಾಪಾರವನ್ನು ಅಮೆರಿಕದ ಲೇಸಿ ಕಾಯ್ದೆ 2008ರ ತಿದ್ದುಪಡಿಯಿಂದ ನಿಷೇಧಿಸಿದೆಯಾದರೂ, ಕೊಳ್ಳುವವರು ಕೇಳದೆ ಯಾರೂ ಕಾಗದಪತ್ರ ತೋರಿಸುವುದಿಲ್ಲ. ಒಬ್ಬ ವ್ಯಾಪಾರಿಯ ಬಳಿ ಕೈಪಿಡಿಯ ಮೇಲೊಂದು ಹಸಿರು ಮುದ್ರೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿಂದ ಎದ್ದು ಬಂದೆ. ಕೊನೆಗೆ ಬಿಲ್ಲಿನ ಮೇಲೆಯೇ, ಜವಾಬ್ದಾರಿಯಿಂದ ನಿರ್ವಹಿಸಿದ ಕಾಡಿನ ಮರಕ್ಕೆ ಕೊಡುವ ಎಫ್‌ಎಸ್‌ಸಿ ಪ್ರಮಾಣಪತ್ರದ ಸಂಖ್ಯೆ ಬರೆದುಕೊಟ್ಟವರಿಂದ ಖರೀದಿಸಿ, ಆ ಸಂಖ್ಯೆಯನ್ನು ಸಂಸ್ಥೆಯ ದತ್ತಾಂಶದಲ್ಲಿ ನಾನೇ ತಾಳೆ ನೋಡಿದೆ.

ಜತೋಬಾ ಬೆಳಕಿಗೆ ಬೇಗ ಕಪ್ಪಾಗುತ್ತದೆ. ಮಾದರಿ ತುಂಡಿನ ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿ ಕಿಟಕಿಯ ಬಳಿ ಇಟ್ಟಾಗ, ತೆರೆದ ಭಾಗ ಕಿತ್ತಳೆ ಛಾಯೆಯಿಂದ ಕಡುಗೆಂಪಿಗೆ ತಿರುಗಿತು. ಅದಕ್ಕಾಗಿಯೇ ಮೊದಲ ಕೆಲವು ತಿಂಗಳು ಜಮಖಾನೆ ಹಾಸಲಿಲ್ಲ.

ಹಲಗೆಗಳನ್ನು ಅದೇ ಕೋಣೆಯಲ್ಲಿ ಬಿಡಿಬಿಡಿಯಾಗಿ ಪೇರಿಸಿ, ಮರದ ಜಾತಿಗೆ ಹೊಂದಿಸಿಕೊಂಡ ತೇವಾಂಶ ಮಾಪಕದಿಂದ ಅಳೆಯುತ್ತಿದ್ದೆ. ಹಲಗೆಗೂ ಕೆಳಗಿನ ಪ್ಲೈವುಡ್‌ಗೂ ನಡುವಿನ ವ್ಯತ್ಯಾಸ ಶೇಕಡಾ 2ರೊಳಗೆ ಬರುವವರೆಗೂ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ದಪ್ಪ ಮೊಳೆಗೆ ಹಲಗೆಯ ನಾಲಿಗೆ (ಪಕ್ಕದ ಹಲಗೆಯ ಗಾಡಿಯೊಳಗೆ ಕೂರುವ ಅಂಚು) ಸೀಳುವುದರಿಂದ 18 ಗೇಜಿನ ತೆಳು ಮೊಳೆಗಳನ್ನು ಬಳಸಿದೆ. ನೆಲಮಾಳಿಗೆಯ ಕಾಂಕ್ರೀಟಿನಲ್ಲಿ ಸದಾ ತೇವವಿರುವುದರಿಂದ ಅಲ್ಲಿಗೆ ಪೂರ್ತಿ ಒಂದೇ ಮರದ ಹಲಗೆ ಬೇಡವೆಂದು, ಪದರಗಳನ್ನು ಅಂಟಿಸಿ ಮಾಡಿದ, ಜತೋಬಾ ಮೇಲ್ಪದರವಿರುವ ಎಂಜಿನಿಯರ್ಡ್ ಹಲಗೆಯನ್ನು ಹಾಕಿದ್ದೇನೆ. ಚಳಿಗಾಲದಲ್ಲಿ ಹ್ಯೂಮಿಡಿಫೈಯರ್ ಇಟ್ಟು ಗಾಳಿಯ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ.