ಮಳೆಗಾಲವನ್ನೇ ಲೆಕ್ಕಕ್ಕೆ ಹಿಡಿದು ಆರಿಸಿದ ಬಿಸಿನೀರಿನ ವ್ಯವಸ್ಥೆ

ಶಿವಮೊಗ್ಗದ ನಮ್ಮ ಅಪಾರ್ಟ್‌ಮೆಂಟಿನ 48 ಮನೆಗಳಿಗೆ ಬಿಸಿನೀರು ಒದಗಿಸುವ ವ್ಯವಸ್ಥೆಯನ್ನು ಬದಲಿಸುವ ಕೆಲಸ, ಸಂಘದ ಕಾರ್ಯದರ್ಶಿಯಾಗಿದ್ದ ನನ್ನ ಪಾಲಿಗೆ ಬಂದಿತ್ತು. ತಾರಸಿಯ ಮೇಲಿದ್ದ ಹಳೆಯ ಸೋಲಾರ್ ಬೇಸಿಗೆಯಲ್ಲಿ ಕೈ ಸುಡುವಷ್ಟು ನೀರು ಕೊಡುತ್ತಿತ್ತು. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷ ಮುಗಿಯುವವರೆಗೂ ಅದರ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್ಲೇ ಕೆಲಸವನ್ನೆಲ್ಲ ಮಾಡಬೇಕಾಗುತ್ತಿತ್ತು. ಮನೆಗೊಂದು ಗೀಸರ್ ಹಾಕಿಸೋಣವೆಂದರೆ, ತಲಾ 2 ಕಿಲೋವ್ಯಾಟ್‌ನಂತೆ ಬೆಳಗಿನ ಆರು ಗಂಟೆಗೆ ಅರ್ಧದಷ್ಟು ಮನೆಗಳವರು ಸ್ವಿಚ್ ಒತ್ತಿದರೂ 48 ಕಿಲೋವ್ಯಾಟ್ ಹೊರೆ ಒಮ್ಮೆಲೇ ಬೀಳುತ್ತದೆ. ‘ಊರಲ್ಲಿ ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ ತುರುಕಿದ್ರೆ ಸಾಕಿತ್ತು, ಇದಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೆ?’ ಎಂದು ಮೂರನೇ ಮಹಡಿಯ ಹಿರಿಯರೊಬ್ಬರು ಸಭೆಯಲ್ಲಿ ಕೇಳಿದ್ದರು.

ಲೆಕ್ಕ ಬೇಕೇ ಬೇಕಿತ್ತು. ಮನೆಮನೆಯಲ್ಲಿ ಎಷ್ಟು ಜನ, ಎಷ್ಟು ಬಕೆಟ್ ಎಂದು ಬರೆದುಕೊಂಡಾಗ ದಿನಕ್ಕೆ ಸುಮಾರು 3,000 ಲೀಟರ್ ಬಿಸಿನೀರು ಸಾಕೆಂದು ತಿಳಿಯಿತು. ಗುತ್ತಿಗೆದಾರರು ಹೇಳಿದ್ದು 4,800. ಮಳೆಗಾಲದ 22 ಡಿಗ್ರಿ ನೀರನ್ನು 55ಕ್ಕೆ ಏರಿಸಲು 3,000 ಲೀಟರಿಗೆ ಕಾಯಿಲ್‌ನಲ್ಲಾದರೆ 115 ಯೂನಿಟ್ ಬೇಕು. ಕೊನೆಗೆ ನಾವು ಆರಿಸಿದ ಹೀಟ್ ಪಂಪ್ ಎಂಬ ಯಂತ್ರ ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನೇ ಎಳೆದು ನೀರಿಗೆ ಕೊಡುವುದರಿಂದ (ಫ್ರಿಜ್ಜಿನ ಹಿಂಬದಿ ಬೆಚ್ಚಗಾಗುವುದೂ ಇದೇ ರೀತಿಯಲ್ಲಿ) ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು, ಎಂದರೆ 38 ಯೂನಿಟ್ ಸಾಲುತ್ತದೆ. ಕೊರೆಯುವ ಚಳಿಯ ದೇಶಗಳಲ್ಲಿ ಇದರ ಸಾಮರ್ಥ್ಯ ಕುಗ್ಗುತ್ತದೆ. ನಮ್ಮಲ್ಲಿ ಮಳೆ ಜಡಿಯುವಾಗಲೂ ಗಾಳಿ ಅಷ್ಟು ತಣ್ಣಗಾಗುವುದಿಲ್ಲ. ಒಂದು ದೊಡ್ಡ ಯಂತ್ರದ ಬದಲು ಎರಡು ಸಣ್ಣವನ್ನು ತರಿಸಿ, ಒಂದು ಕೆಟ್ಟರೂ ಅರ್ಧ ನೀರಾದರೂ ಸಿಗುವಂತೆ ಮಾಡಿದೆವು. ಸೋಲಾರನ್ನು ಕಿತ್ತೆಸೆಯದೆ ಮೊದಲ ಹಂತದಲ್ಲಿ ಉಳಿಸಿಕೊಂಡೆವು. ಬಿಸಿಲಿದ್ದ ದಿನ ಪಂಪಿಗೆ ಅಷ್ಟು ಕೆಲಸ ಕಡಿಮೆ.

ಆದರೂ ಮೊದಲ ವಾರದ ಮೀಟರು ದಿನಕ್ಕೆ 60 ಯೂನಿಟ್ ದಾಟಿತು. ಯಂತ್ರವನ್ನೇ ದೂರುತ್ತಿದ್ದೆವು. ಒಂದು ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಪೈಪುಗಳ ಡಕ್ಟಿನೊಳಗೆ ಕೈಹಾಕಿ ನೋಡಿದರೆ, ಎಲ್ಲ ನಲ್ಲಿಗಳೂ ಮುಚ್ಚಿರುವ ಆ ಹೊತ್ತಿನಲ್ಲೂ ಟ್ಯಾಂಕಿಗೆ ಮರಳುವ ಪೈಪು ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಒಳಗೆ ಒಗೆದ ಬಟ್ಟೆ ಒಣಗಿಸಬಹುದಾದಷ್ಟು ಸೆಕೆಯಿತ್ತು. ಮೇಲಿನಿಂದ ಇಳಿಯುವ ಪೈಪಿಗೆ ಹೊದಿಕೆ ಸುತ್ತಿದವರು ಮರಳುವ ಪೈಪನ್ನು ಹಾಗೇ ಬಿಟ್ಟಿದ್ದರು. ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರಲೆಂದು ಟ್ಯಾಂಕಿಗೂ ಪೈಪುಗಳಿಗೂ ನಡುವೆ ನೀರು ಸುತ್ತಿಸುವ ಸಣ್ಣ ಪಂಪು ಹಗಲಿರುಳೂ ಓಡುತ್ತಿತ್ತು. ಕೆಲಸ ಮುಗಿಯಿತೆಂದು ಸಹಿ ಹಾಕುವ ಮುನ್ನ ಡಕ್ಟಿನ ಬಾಗಿಲು ತೆರೆದು ನೋಡದಿದ್ದುದು ನನ್ನದೇ ತಪ್ಪು.

ಮರಳುವ ಪೈಪಿಗೂ ನೈಟ್ರೈಲ್ ರಬ್ಬರಿನ ಹೊದಿಕೆ ಸುತ್ತಿಸಿ, ಸಣ್ಣ ಪಂಪಿಗೆ ಟೈಮರ್ ಕೂರಿಸಿ, ಬೆಳಿಗ್ಗೆ ಐದರಿಂದ ಒಂಬತ್ತು ಮತ್ತು ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ಓಡಿಸತೊಡಗಿದ ಮೇಲೆ, ಬಿಸಿಲು ಕಾಣದ ದಿನಗಳಲ್ಲೂ ಮೀಟರು 45ರ ಆಸುಪಾಸಿಗೆ ಇಳಿಯಿತು. ಮಧ್ಯಾಹ್ನ ಸ್ನಾನ ಮಾಡುವವರು ನಲ್ಲಿ ತಿರುಗಿಸಿ ಒಂದೆರಡು ನಿಮಿಷ ಕಾಯಬೇಕಾಗುತ್ತದೆ. ಆ ಕುರಿತ ದೂರು ಇಂದಿಗೂ ಪ್ರತಿ ಸಭೆಯಲ್ಲಿ ಬರುತ್ತದೆ.